ನೋಟದ ಸೆರಗು

“ಇನ್ನೂ ಯಾಕಣ್ಣ ಶುರು ಮಾಡಿಲ್ಲ?”

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅಂಬುಜಮ್ಮ ಕೇಳಿದರು. ನಡುಮನೆಯಲ್ಲಿ ಯಾರೂ ಇರಲಿಲ್ಲ. ಎರಡು ಮಣೆ ಎದುರುಬದುರಾಗಿ ಹಾಕಿದ ಹಾಗೇ ಇದ್ದವು. ನಡುವೆ ಶ್ರುತಿಪೆಟ್ಟಿಗೆ, ಅದರ ಮೇಲೊಂದು ಒಗೆದು ಮಡಿಚಿದ ವಸ್ತ್ರ. ಆದರೆ ಹೊಸ್ತಿಲು ದಾಟುವಾಗ, ಅಡುಗೆಮನೆಯ ನೋಟ ಕರಗಿ ನಡುಮನೆಯ ನೋಟ ಮೂಡುವ ಮುಂಚಿನ ಆ ಅರೆಗಳಿಗೆಯಲ್ಲಿ, ಅಣ್ಣ ವರದರಾಜಯ್ಯ ಎದುರಿನ ಮಣೆಯ ಮೇಲೆ ಕೂತಿದ್ದರು. ಎಡಗೈ ಮೊಣಕಾಲಿನ ಮೇಲೆ, ಬಲಗೈ ಅರ್ಥ ಹೇಳಲು ಎತ್ತಿದ್ದು, ತುಟಿ ಇನ್ನೇನು ಬಿಡಿಸಬೇಕು. ಅಷ್ಟರಲ್ಲಿ ನಡುಮನೆ ಪೂರ್ತಿ ಮೂಡಿತು. ಮಣೆ ಬರಿದಾಗಿತ್ತು.

ಅಂಬುಜಮ್ಮ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ಮತ್ತೆ ದಾಟಿದರು. ಮತ್ತೆ ಕೂತಿದ್ದರು. ಮತ್ತೆ ಇಲ್ಲ.

ವರದರಾಜಯ್ಯ ತೀರಿಕೊಂಡು ಎರಡು ಹಬ್ಬ ಕಳೆದಿದ್ದವು.

ತುಮಕೂರಿನಲ್ಲಿ ಗಮಕದ ರುಚಿ ಇದ್ದವರಿಗೆಲ್ಲ ಈ ಅಣ್ಣತಂಗಿ ಗೊತ್ತು. ತಂಗಿಗೆ ಹುಟ್ಟಿನಿಂದ ಕಣ್ಣಿಲ್ಲ. ಅಣ್ಣ ಓದಿ ಹೇಳುತ್ತಿದ್ದುದನ್ನು ಕೇಳಿ ಕೇಳಿಯೇ ಪರ್ವಗಟ್ಟಲೆ ಪದ್ಯ ಕಂಠಕ್ಕೆ ಇಳಿಸಿಕೊಂಡಿದ್ದರು. ಅವರದು ವಾಚನ, ಅವರು ಪದ್ಯ ಹಾಡಿ ಮುಗಿಸಿದರೆ ಅಣ್ಣನ ವ್ಯಾಖ್ಯಾನ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಪದ್ಯದ ಕೊನೆಯ ಸ್ವರವನ್ನು ಹಾಡಿದವರು ಬಿಡಬಾರದು, ಅರ್ಥ ಹೇಳುವವರು ಬಾಯಿ ತೆರೆಯುವವರೆಗೆ ಹಿಡಿದೇ ಇರಬೇಕು. “ನಡುವೆ ಮೌನ ಬಿತ್ತು ಅಂದ್ರೆ ಜನ ಕೆಮ್ತಾರೆ ಅಂಬು. ಕೆಮ್ಮಿದ್ರೆ ಕಥೆ ಹರೀತು,” ಎಂದು ಅಣ್ಣ ಹೇಳಿಕೊಟ್ಟಿದ್ದರು. ಇನ್ನೊಂದನ್ನೂ ಹೇಳಿಕೊಟ್ಟಿದ್ದರು. ಸ್ವರ ಹಿಡಿದಾಗ ಹುಡುಗಿಯ ರೆಪ್ಪೆ ಪಟಪಟ ಹೊಡೆದುಕೊಳ್ಳುತ್ತಿತ್ತು. “ಕಣ್ಣು ಅಲ್ಲಾಡಿಸ್ಬೇಡ. ಜನ ಪದ್ಯ ಬಿಟ್ಟು ಕಣ್ಣು ನೋಡ್ತಾ ಕೂತ್ಕೋತಾರೆ.” ಅಂದಿನಿಂದ ಹಾಡುವಾಗ ಅಂಬುಜಮ್ಮನ ರೆಪ್ಪೆ ವಿಗ್ರಹದ ರೆಪ್ಪೆಯ ಹಾಗೆ ನಿಲ್ಲುತ್ತಿತ್ತು.

ಮಂಗಳ ಹಾಡಿದ ಮೇಲೆ ಮತ್ತೆ ಪದ್ಯ ಎತ್ತಬಾರದು ಎಂಬುದೂ ಅಣ್ಣನದೇ ನಿಯಮ. ಒಮ್ಮೆ ಕಲ್ಯಾಣಮಂಟಪದ ಯಜಮಾನರೊಬ್ಬರು ತಡವಾಗಿ ಬಂದು, ಶಾಲು ಹೊದಿಸುತ್ತೇನೆ, ಇನ್ನೊಂದೇ ಒಂದು ಪದ್ಯ ಆಗಲಿ ಎಂದು ಕೈ ಮುಗಿದಿದ್ದರು. ವರದರಾಜಯ್ಯ ಇಲ್ಲ ಎಂದು ಶ್ರುತಿಪೆಟ್ಟಿಗೆಗೆ ವಸ್ತ್ರ ಮುಚ್ಚಿದರು. ದಾರಿಯಲ್ಲಿ ತಂಗಿ ಗೊಣಗಿದಾಗ ಅಂದರು: “ಮುಗೀತು ಅಂದ್ಮೇಲೂ ಮುಗೀದೆ ಇದ್ರೆ ಕೇಳೋರು ಎದ್ದು ಮನೆಗೆ ಹೋಗೋದು ಹ್ಯಾಗೆ ತಾಯಿ?”

ತಲೆ ನರೆತ ಮೇಲೆ ಅಂಬುಜಮ್ಮನಿಗೆ ಕಣ್ಣು ಬಂತು. ಊರಾಚೆ ಹೊಸದಾಗಿ ಶುರುವಾಗಿದ್ದ ದೃಷ್ಟಿ ಕೇಂದ್ರದವರು ಕೊಟ್ಟ ಕಣ್ಣು ಅದು. ಕನ್ನಡಕದಲ್ಲಿ ಸಾಸಿವೆಯಷ್ಟು ಕ್ಯಾಮೆರಾ, ಕಿವಿಯ ಹಿಂದೆ ಚರ್ಮದಡಿ ಒಂದು ಚಿಪ್. ಕ್ಯಾಮೆರಾ ಕಂಡದ್ದನ್ನು ಚಿಪ್ಪು ಮಿದುಳಿನಲ್ಲಿ ಬರೆಯುತ್ತದೆ. ಆದರೆ ಹರಿಯುವ ನೀರಿನಂತೆ ಬರೆಯಲು ಅದಕ್ಕೆ ಶಕ್ತಿ ಸಾಲದು. ಪುಟ ಪುಟವಾಗಿ ಬರೆಯುತ್ತದೆ. ತಲೆ ತಿರುಗಿಸಿದರೆ, ಬಾಗಿಲು ದಾಟಿದರೆ, ಎದುರಿನ ನೋಟ ಬದಲಾದರೆ, ಹೊಸ ಪುಟ. ಎರಡು ಪುಟಗಳ ನಡುವೆ ಕತ್ತಲು. ಮೊದಮೊದಲು ಹಾಕಿಸಿಕೊಂಡವರು ಆ ಕತ್ತಲಿಗೆ ತಲೆ ಸುತ್ತಿ ಬೀಳುತ್ತಿದ್ದರು, ವಾಂತಿ ಮಾಡಿಕೊಳ್ಳುತ್ತಿದ್ದರು.

ಕೇಂದ್ರದ ಎಂಜಿನಿಯರುಗಳು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಹಿಂದೆ ಕಂಪ್ಯೂಟರಿನ ವೆಬ್‌ಪುಟಗಳಿಗೆ ಚಲನೆ ಕೊಡಲೆಂದು ಯಾರೋ ಬರೆದು ಲೋಕಕ್ಕೆ ಬಿಟ್ಟಿದ್ದ ಒಂದು ಅನಿಮೇಷನ್ ಲೈಬ್ರರಿ ಇತ್ತು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದರ ಪಡಿಯಚ್ಚನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹೊಸದು ಬಂದು ನೆಲೆಯಾಗುವವರೆಗೂ ಹಳೆಯದನ್ನು ಮೆಲ್ಲಗೆ ಕರಗಿಸುತ್ತದೆ. ಅದನ್ನೇ ತಂದು ಚಿಪ್ಪಿಗೆ ಹಾಕಿದರು. ಕತ್ತಲು ಹೋಯಿತು. ಕಣ್ಣು ಪಡೆದವರು ಇದಕ್ಕೆ ಸೆರಗು ಎಂದು ಹೆಸರಿಟ್ಟರು. ಹೆಂಗಸು ಬಾಗಿಲು ದಾಟಿ ಹೋದ ಮೇಲೂ ಸೆರಗಿನ ತುದಿ ಒಂದು ಗಳಿಗೆ ಈಚೆಗೇ ಇರುತ್ತದಲ್ಲ, ಹಾಗೆ. ಹೊಸ ಪುಟ ಸರಿಯಾಗಿ ಕಂಡಿತು ಎನ್ನಲು ರೆಪ್ಪೆಯನ್ನು ಒಮ್ಮೆ ಅರ್ಧ ಇಳಿಸಬೇಕೆಂದು ಕಲಿಸಿದ್ದರು. ಹಾಗೆ ಇಳಿಸಿದ್ದು ಕನ್ನಡಕಕ್ಕೆ ತಿಳಿದೊಡನೆ ಚಿಪ್ಪು ಹಳೆಯ ಪುಟವನ್ನು ಬಿಟ್ಟುಬಿಡುತ್ತದೆ. ಕಣ್ಣು ಪೂರ್ತಿ ಮುಚ್ಚಿದರೆ ಮಾತ್ರ ನೋಟವೇ ನಿಲ್ಲುತ್ತದೆ, ಹಳೆಯ ಪುಟ ಹಾಗೇ ಉಳಿಯುತ್ತದೆ. ಕಲಿತವರಿಗೆ ಅದು ಉಸಿರಿನಷ್ಟೇ ಸಲೀಸು.

ಕಣ್ಣು ಬಂದಾಗ ಅಂಬುಜಮ್ಮ ಮೊದಲು ನೋಡಿದ್ದು ಅಣ್ಣನ ಮುಖ. “ಇಷ್ಟೇನಾ ನೀನು?” ಎಂದಿದ್ದರಂತೆ. “ಇಷ್ಟೇ. ಧ್ವನಿ ಕೇಳಿ ಜಾಸ್ತಿ ಅಂದ್ಕೊಂಡಿದ್ಯಾ?” ಎಂದು ಅಣ್ಣ ನಕ್ಕಿದ್ದರು.

ಒಂದು ವರ್ಷ ತುಂಬಲಿಲ್ಲ. ಮಾಘದಲ್ಲಿ, ಮಠದ ಸಭೆಯೊಂದರಲ್ಲಿ, ಅಂಬುಜಮ್ಮ ಪದ್ಯ ಮುಗಿಸಿ ಸ್ವರ ಹಿಡಿದು ಅಣ್ಣನನ್ನು ನೋಡುತ್ತ ಕಾದರು. ಅಣ್ಣ ಕೈ ಎತ್ತಿದರು. ಆಮೇಲೆ ಒಂದು ಪಕ್ಕಕ್ಕೆ ಬಾಗಿದರು. ನೋಟ ಇನ್ನೂ ಹೊಸತಾಗಿದ್ದ ಅಂಬುಜಮ್ಮನಿಗೆ, ಮನುಷ್ಯ ಹಾಗೆ ಬಾಗಿದರೆ ಏನರ್ಥ ಎಂದು ಗೊತ್ತಾಗಲಿಲ್ಲ. ಜನ ಎದ್ದರು, ಓಡಿದರು. ಅಂಬುಜಮ್ಮ ಸ್ವರ ಹಿಡಿದೇ ಇದ್ದರು. ರೆಪ್ಪೆ ಅಲುಗಿಸಲಿಲ್ಲ.

* * *

“ಇದು ಯಾರದ್ದು?” ಎಂದು ನಿರ್ದೇಶಕ ಇನಾಯತ್ ಕೇಳಿದರು.

ದೃಷ್ಟಿ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರ್ ಮುಕ್ತಾಂಬ, ಎಲ್ಲರ ಬಾಯಲ್ಲಿ ಮುಕ್ತ, ಪರದೆಯ ಮುಂದೆ ಕೂತಿದ್ದಳು. ಚಿಪ್ಪುಗಳು ಕಳಿಸುವ ವರದಿಗಳ ನಡುವೆ ಒಂದು ಮಾತ್ರ ಕೆಂಪಗಿತ್ತು.

“ಅಂಬುಜಮ್ಮ ಅಂತ ಸರ್. ಗಮಕದೋರು. ಇವರ ಚಿಪ್ಪಲ್ಲಿ ಒಂದು ಹಳೆ ಪುಟ ಇನ್ನೂ ಕರಗಿಲ್ಲ. ಅದೊಂದಕ್ಕೆ, ಹೊಸ ಪುಟ ಬಂತು ಅಂತ ಇವರು ರೆಪ್ಪೆ ಇಳಿಸಿಯೇ ಇಲ್ಲ. ಲೈಬ್ರರಿ ಕಾಯ್ತಾನೇ ಇದೆ. ಪುಟ ಬದಲಾದಾಗೆಲ್ಲ ಅದನ್ನೂ ಒಂದ್ಸಲ ತೋರಿಸಿ, ಮುಗಿಸೋದಾ ಅಂತ ಕೇಳುತ್ತೆ. ಇವರು ಬೇಡ ಅಂತಾರೆ.”

“ಹೇಗೂ ಇನ್ನು ಅದೆಲ್ಲ ಇರಲ್ಲ ಬಿಡಿ,” ಎಂದು ಇನಾಯತ್ ಕುರ್ಚಿಗೆ ಒರಗಿದರು. ಅವರ ಮುಖ ಸೋತಿತ್ತು.

ಕೇಂದ್ರದಿಂದ ಕಣ್ಣು ಪಡೆದಿದ್ದ ತಿಮ್ಮರಾಯಪ್ಪ ಎಂಬ ಬುಕ್ ಬೈಂಡರು ಹಿಂದಿನ ವಾರ ಹೆದ್ದಾರಿ ದಾಟುವಾಗ ಲಾರಿಗೆ ಸಿಕ್ಕಿ ಸತ್ತಿದ್ದ. ಚಿಪ್ಪಿನಲ್ಲಿ ಉಳಿದಿದ್ದ ಕೊನೆಯ ಪುಟಗಳನ್ನು ಮುಕ್ತ ಬಿಡಿಸಿ ನೋಡಿದ್ದಳು. ಅವನು ಬಲಕ್ಕೆ ನೋಡಿದ್ದಾನೆ, ರಸ್ತೆ ಖಾಲಿ. ಎಡಕ್ಕೆ ನೋಡಿದ್ದಾನೆ. ಎಡದ ಪುಟದಲ್ಲಿ ಲಾರಿ ಇದೆ. ಆದರೆ ಅದರ ಮೇಲೆ ಬಲಗಡೆಯ ಖಾಲಿ ರಸ್ತೆ ಇನ್ನೂ ಕರಗುತ್ತಿತ್ತು. ಅವನು ಖಾಲಿ ರಸ್ತೆಗೆ ಕಾಲಿಟ್ಟಿದ್ದಾನೆ.

“ಪುಟ ಬದಲಾವಣೆಯ ಚಲನೆ ಪೂರ್ತಿ ನಿಲ್ಲಿಸಿ,” ಎಂದರು ಇನಾಯತ್. “ಉಳಿದದ್ದು ಇರಲಿ, ಅದೊಂದು ಬೇಡ. ಎಲ್ಲರಿಗೂ. ಕತ್ತಲು ಬಂದ್ರೆ ಬರಲಿ. ಕತ್ತಲು ಅಂದ್ರೆ ಜನ ನಿಲ್ತಾರೆ. ಹಳೇ ಬೆಳಕು ಅಂದ್ರೆ ನಡೀತಾರೆ.”

ಕೆಲಸ ದೊಡ್ಡದಲ್ಲ. ಲೈಬ್ರರಿಯ ಸೆಟ್ಟಿಂಗಿನಲ್ಲಿ ಒಂದು ಸಾಲು: ‘ಬೇಕು’ ಎಂದಿರುವುದನ್ನು ‘ಬೇಡ’ ಮಾಡಬೇಕು, ಅಷ್ಟೆ. ಹಾಗೆ ಮಾಡಿದೊಡನೆ ಹಿಡಿದಿಟ್ಟ ಹಳೆಯ ಪುಟಗಳೆಲ್ಲ ತಾವಾಗಿ ಅಳಿಯುತ್ತವೆ.

* * *

“ನಂದೊಂದು ಬಿಟ್ಬಿಡು ತಾಯಿ,” ಎಂದರು ಅಂಬುಜಮ್ಮ. ವಿಷಯ ತಿಳಿಸಲು ಮುಕ್ತ ತಾನೇ ಅವರ ಮನೆಗೆ ಬಂದಿದ್ದಳು. ಅವಳಿಗೆ ಕಾಫಿ ಕೊಟ್ಟು ಎದುರಿಗೆ ನೆಲದ ಮೇಲೆ ಕೂತಿದ್ದರು. ಅಣ್ಣನ ಮಣೆಯ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ.

“ಅದು ತಪ್ಪಾಗಿ ಉಳ್ಕೊಂಡಿರೋದಮ್ಮ. ಚಿಪ್ಪಿಂದು ಒಂದು ದೋಷ.”

“ಇರಬಹುದು. ನನ್ನ ರೆಪ್ಪೆದೂ ತಪ್ಪೇ. ಅದು ಕೇಳುತ್ತೆ, ಇಳಿಸು ಅಂತ. ನಂಗೆ ಗೊತ್ತಾಗುತ್ತೆ. ನಾನು ಇಳಿಸಲ್ಲ.”

“ಅವರ ಫೋಟೋ ಇದೆಯಲ್ಲ, ಗೋಡೆ ಮೇಲೆ.”

ಅಂಬುಜಮ್ಮ ಆ ಕಡೆ ತಿರುಗಲಿಲ್ಲ. “ಎಲ್ರೂ ಅದನ್ನೇ ಹೇಳ್ತಾರೆ. ಅಲ್ಲಿ ಏನಿದೆ? ಒಂದಿಷ್ಟು ಕಪ್ಪು, ಒಂದಿಷ್ಟು ಬಿಳಿ. ನೀವು ಮಗು ಆಗಿದ್ದಾಗಿಂದ ಚಿತ್ರ ನೋಡಿದೀರಿ, ಚಪ್ಪಟೆ ಕಾಗದದಲ್ಲಿ ಮೂಗು ಕಾಣುತ್ತೆ ನಿಮಗೆ. ನನಗೆ ಕಾಣಲ್ಲ. ಕಣ್ಣು ಮುಚ್ಕೊಂಡು ಅವನ ಮುಖ ನೆನೆಸ್ಕೊಳ್ಳೋಣ ಅಂದ್ರೆ ಧ್ವನಿ ಬರುತ್ತೆ, ಮುಖ ಬರಲ್ಲ. ನೋಡೋದು ಕಲಿತೆ, ನೋಡಿದ್ದನ್ನ ಇಟ್ಕೊಳ್ಳೋದು ಕಲೀಲಿಲ್ಲ. ಅಷ್ಟರಲ್ಲಿ ಹೊರಟುಹೋದ.”

ಮುಕ್ತ ಕಾಫಿಯ ಲೋಟ ಕೆಳಗಿಟ್ಟಳು. ಹುಟ್ಟುಕುರುಡರಾಗಿದ್ದು ಕಣ್ಣು ಪಡೆದವರಲ್ಲಿ ಬಹಳ ಮಂದಿ ಇದನ್ನೇ ಹೇಳುತ್ತಿದ್ದರು.

“ಆ ಪುಟಾನ ಬೇರೆ ತೆಗೆದು, ನಿಮಗೆ ಬೇಕಾದಾಗ ಕಾಣೋ ಹಾಗೆ ಇಡೋಕ್ಕಾಗುತ್ತಾ ನೋಡ್ತೀನಿ.”

ಆಗಲಿಲ್ಲ. ಮುಕ್ತ ಪ್ರಯತ್ನಿಸಿ ನೋಡಿದಳು. ಆ ಪುಟವನ್ನು ನಕಲು ಮಾಡಿ, ಮಧ್ಯಾಹ್ನ ಪರೀಕ್ಷಾ ಕೊಠಡಿಯಲ್ಲಿ ಅಂಬುಜಮ್ಮನನ್ನು ಕೂರಿಸಿ ನೇರ ಚಿಪ್ಪಿಗೆ ಬಿಟ್ಟಳು. “ಬಂದ,” ಎಂದರು ಅವರು. ಆಮೇಲೆ, “ಹೋಗ್ತಿದಾನೆ,” ಎಂದರು. ಅಷ್ಟರಲ್ಲಿ ಅಣ್ಣ ಕಾಣದಾದರು. ಕಣ್ಣೊಳಗೆ ಅಲುಗದೆ ನಿಂತ ಚಿತ್ರವನ್ನು ಮಿದುಳು ತಾನಾಗಿ ಅಳಿಸಿಬಿಡುತ್ತದೆ. ಹುಟ್ಟುಗಣ್ಣಿಗೂ ಇದೇ ನಿಯಮ, ಆದರೆ ಆ ಕಣ್ಣು ಸದಾ ಸಣ್ಣಗೆ ನಡುಗುತ್ತ ಚಿತ್ರವನ್ನು ಉಳಿಸಿಕೊಳ್ಳುತ್ತದೆ. ಚಿಪ್ಪಿಗೆ ಆ ನಡುಕವಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಅದರಲ್ಲಿ ಅಣ್ಣ ಕಾಣುತ್ತಿದ್ದುದು. ನಿಲ್ಲಿಸಿದರೆ ಕಾಣುತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಮುಕ್ತ ರೊಟ್ಟಿಯ ಮುಂದೆ ಕೈ ಕಟ್ಟಿ ಕೂತಿದ್ದಳು. ಅವಳ ತಾಯಿ ಹೆಂಚಿನ ಮೇಲಿಂದ ಇನ್ನೊಂದು ರೊಟ್ಟಿ ತಂದು ಹಾಕಿದರು.

“ಅದೇನು ಅದಕ್ಕೆ ಪೂಜೆ ಮಾಡ್ತೀಯಾ? ತಿನ್ನು.”

“ಅವ್ವ, ಅಪ್ಪನ ಮುಖ ನಿನಗೆ ನೆನಪಿದೆಯಾ? ಫೋಟೋ ಬಿಟ್ಟು.”

ತಾಯಿ ಒಲೆಯ ಕಡೆ ತಿರುಗಿ ಹೆಂಚಿನ ಮೇಲಿನ ರೊಟ್ಟಿ ಮಗುಚಿದರು. “ಫೋಟೋದಲ್ಲಿರೋ ಮುಖಾನೇ ಈಗ ಮುಖ ಆಗೋಗಿದೆ ಕಣೆ. ಇನ್ನೊಂದು ಯಾವ್ದೋ ಇತ್ತು. ಅದು ಹೋಯ್ತು.” ಒಲೆ ಸಣ್ಣ ಮಾಡಿದರು. “ಕೆಮ್ಮು ನೆನಪಿದೆ. ಬೀದಿ ತುದೀಲಿ ಕೆಮ್ಮಿದ್ರೆ ಗೊತ್ತಾಗ್ತಿತ್ತು, ಬಂದ್ರು ಅಂತ. ಯಾಕೆ ಕೇಳ್ದೆ?”

“ಸುಮ್ನೆ.”

“ಸುಮ್ನೆ ಕೇಳೋ ಮಾತಾ ಅದು,” ಎಂದು ತಾಯಿ ಒಳಗೆ ಹೋದರು.

ಮರುದಿನ ಮುಕ್ತ ಇನಾಯತ್ ಅವರ ಮುಂದೆ ನಿಂತಳು. ಒಬ್ಬರಿಗೆ ಮಾತ್ರ ವಿನಾಯಿತಿ ಬೇಕು ಎಂದಳು. ಅವರು ಅವಳ ಮುಖ ನೋಡಿದರು, ಕಿಟಕಿ ನೋಡಿದರು.

“ತಿಮ್ಮರಾಯಪ್ಪನ ಹೆಂಡತಿ ಬಂದು ಕೇಳಿದ್ರೆ ನಾನು ಏನು ಹೇಳ್ಲಿ?”

“ಗೊತ್ತಿಲ್ಲ ಸರ್.”

“ಅವರು ರಸ್ತೆಗೆ ಕಾಲಿಡಬಾರದು,” ಎಂದರು ಇನಾಯತ್. “ಮನೆಯೊಳಗೆ ಅಷ್ಟೇ. ಬೇರೆ ಚಿಪ್ಪು ಮಾಡೋವರೆಗೆ ಬಿಡಿ.”

ಅಂಬುಜಮ್ಮ ಸಂತೋಷದಿಂದ ಒಪ್ಪಿದರು. “ನನಗೆ ರಸ್ತೇಲಿ ಏನಿದೆ ಕೆಲಸ? ನನಗೆ ಬೇಕಾಗಿರೋದೆಲ್ಲ ಹೊಸ್ತಿಲಲ್ಲೇ ಇದೆ.”

* * *

ಉಳಿದವರ ಸೆರಗು ಹೋಯಿತು. ಕೇಂದ್ರದ ಫೋನು ಸುಮ್ಮನಾಗಲಿಲ್ಲ. ಸೊಪ್ಪು ಮಾರುವ ಹೆಂಗಸೊಬ್ಬಳು, ಲೋಕ ಈಗ ಕಪಾಳಕ್ಕೆ ಹೊಡೆದ ಹಾಗೆ ಬರುತ್ತೆ ಎಂದಳು. ಕಾಲೇಜಿನ ಮೇಷ್ಟ್ರೊಬ್ಬರು ಬಿಸಾಕಿದ್ದ ಬಿಳಿಕೋಲನ್ನು ಮತ್ತೆ ಹುಡುಕಿಕೊಂಡರು. ಬಾಗಿಲುಗಳಲ್ಲಿ ಎಲ್ಲರೂ ಚೌಕಟ್ಟು ಹಿಡಿದು, ಕತ್ತಲು ಬಂದು ಹೋಗಲೆಂದು ನಿಲ್ಲುವುದನ್ನು ಕಲಿತರು. ಮನೆಯವರು ಹಿಂದೆ ನಿಂತು ಕಾಯುವುದನ್ನು ಕಲಿತರು. ಮೆಲ್ಲಮೆಲ್ಲನೆ ಫೋನು ಕಡಿಮೆಯಾಯಿತು. ಯಾರೂ ರಸ್ತೆಯಲ್ಲಿ ಬೀಳಲಿಲ್ಲ.

ಅಂಬುಜಮ್ಮನ ಮನೆಯಲ್ಲಿ ಮಾತ್ರ ಅಣ್ಣ ಪ್ರತಿ ಬಾಗಿಲಲ್ಲೂ ಕೂತಿದ್ದರು. ಚಿಪ್ಪಿನ ವರದಿಯಲ್ಲಿ ಮುಕ್ತಳಿಗೆ ಅದು ಕಾಣುತ್ತಿತ್ತು: ನಡುಮನೆ, ಅಡುಗೆಮನೆ, ನಡುಮನೆ, ಅಡುಗೆಮನೆ. ಇಡೀ ಬೆಳಗ್ಗೆ ಒಂದೇ ಹೊಸ್ತಿಲು.

ಆಷಾಢದ ಒಂದು ಬೆಳಗ್ಗೆ ಅಂಬುಜಮ್ಮನದೇ ಫೋನು ಬಂತು.

“ಮುಕ್ತಮ್ಮ, ಬಾ. ಅದನ್ನ ತೆಗೆದುಬಿಡು.”

ಮುಕ್ತ ಹೋದಾಗ ಪಕ್ಕದ ಮನೆಯ ಭಾಗ್ಯ ಅಂಗಳದಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಮಗುವಿನ ಹೆಸರು ಚಾರ್ವಿ. ನಡೆಯಲು ಕಲಿತ ಮೇಲೆ ಅಂಬುಜಮ್ಮನ ಮನೆಯೇ ಅವಳ ಮನೆ. ಈಗ ಒಂದು ಪಾದಕ್ಕೆ ದಪ್ಪ ಬಿಳಿ ಬ್ಯಾಂಡೇಜು.

“ಕೋಪ ಮಾಡ್ಕೊಬೇಡಿ ಅವರ ಮೇಲೆ,” ಎಂದಳು ಭಾಗ್ಯ, ಮೆಲ್ಲಗೆ. “ನೆನ್ನೆಯಿಂದ ಅನ್ನ ಮುಟ್ಟಿಲ್ಲ. ಡಾಕ್ಟ್ರು ಗುಳ್ಳೆ ಇಳಿದ್ರೆ ಸರಿಹೋಗುತ್ತೆ ಅಂದಿದಾರೆ. ನಾನೇ ಇವಳನ್ನ ಬಿಡಬಾರದಿತ್ತು.”

“ಅಜ್ಜಿ ಬಿಸಿ,” ಎಂದಿತು ಮಗು, ಪಾದ ತೋರಿಸಿ.

ಒಳಗೆ ಅಂಬುಜಮ್ಮ ತಮ್ಮ ಮಣೆಯ ಮೇಲೆ ಕೂತಿದ್ದರು. ಕನ್ನಡಕ ಹಾಕಿಕೊಂಡಿದ್ದರು, ಕಣ್ಣು ಮುಚ್ಚಿದ್ದರು.

“ಸಾರಿನ ಪಾತ್ರೆ ಹಿಡ್ಕೊಂಡು ದಾಟ್ತಿದ್ದೆ,” ಎಂದರು. “ಮಗು ಬಂದು ಅಣ್ಣನ ಮಣೆ ಮುಂದೆ ಕೂತಿತ್ತು. ನಾನು ಹುಟ್ಟುಕುರುಡಿ ಮುಕ್ತಮ್ಮ. ಇಷ್ಟು ವರ್ಷ ಒಂದು ಬೆಕ್ಕಿನ ಬಾಲ ತುಳಿದವಳಲ್ಲ. ಉಸಿರು ಕೇಳಿದ್ರೆ ಸಾಕು, ಎಲ್ಲಿ ಯಾರಿದಾರೆ ಅಂತ ಗೊತ್ತಾಗ್ತಿತ್ತು. ನೆನ್ನೆನೂ ಕೇಳ್ತು. ಕಿವಿ ಹೇಳ್ತು, ಮಗು ಇದೆ ಅಂತ. ಕಣ್ಣು ಹೇಳ್ತು, ಅಣ್ಣ ಇದಾನೆ ಅಂತ. ನಾನು ಕಣ್ಣಿನ ಮಾತು ಕೇಳ್ದೆ.”

“ಸಣ್ಣ ಗಾಯ ಅಮ್ಮ. ವಾಸಿ ಆಗುತ್ತೆ.”

“ಭಾಗ್ಯ ಒಂದು ಮಾತು ಬೈಲಿಲ್ಲ. ಬೈದಿದ್ರೆ ಅನ್ನ ಇಳೀತಿತ್ತು.”

ಮುಕ್ತ ಚೀಲದಿಂದ ಪುಟ್ಟ ಕಂಪ್ಯೂಟರನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಅಂಬುಜಮ್ಮನ ಕಿವಿಯ ಹಿಂದಿನ ಚಿಪ್ಪು ಅದಕ್ಕೆ ಕೂಡಿಕೊಂಡಿತು. ಸೆಟ್ಟಿಂಗಿನ ಆ ಒಂದು ಸಾಲು ತೆರೆಯಿತು: ‘ಬೇಕು’.

“ಸ್ವಲ್ಪ ಇರು,” ಎಂದರು ಅಂಬುಜಮ್ಮ.

ಕೈ ಚಾಚಿ, ಶ್ರುತಿಪೆಟ್ಟಿಗೆಯ ಮೇಲಿನ ವಸ್ತ್ರ ತೆಗೆದರು. ಮಾಘದ ಆ ದಿನದಿಂದ ಪೆಟ್ಟಿಗೆಯನ್ನು ಯಾರೂ ನುಡಿಸಿರಲಿಲ್ಲ. ಶ್ರುತಿ ತೆರೆದುಕೊಂಡಿತು. ಅಂದು ಮಠದಲ್ಲಿ ಹಾಡಿದ್ದ ಅದೇ ಪದ್ಯ. ಯುದ್ಧ ಮುಗಿದ ಬಯಲಿನಲ್ಲಿ ಒಬ್ಬಳು ದೀಪ ಹಿಡಿದು ತನ್ನವರನ್ನು ಹುಡುಕುವ ಪದ್ಯ. ಧ್ವನಿ ಮೊದಲು ತೊಡರಿತು, ಆಮೇಲೆ ದಾರಿ ಹಿಡಿಯಿತು. ಅಂಗಳದಲ್ಲಿ ಭಾಗ್ಯಳ ಮಾತು ನಿಂತಿತು. ಕೊನೆಯ ಸಾಲಿನ ಕೊನೆಯ ಸ್ವರಕ್ಕೆ ಬಂದು ಅಂಬುಜಮ್ಮ ಅದನ್ನು ಹಿಡಿದರು.

ಹಿಡಿದೇ ಇದ್ದರು. ಮುಕ್ತ ತಾನೂ ಉಸಿರು ಹಿಡಿದು ಎದುರಿನ ಖಾಲಿ ಮಣೆಯನ್ನು ನೋಡುತ್ತಿದ್ದಳು. ಸ್ವರ ತೆಳುವಾಯಿತು, ನಡುಗಿತು, ಇನ್ನೂ ಇತ್ತು. ಯಾರೂ ಬಾಯಿ ತೆರೆಯಲಿಲ್ಲ. ಅಂಗಳದಲ್ಲಿ ಮಗು ಒಮ್ಮೆ ಕೆಮ್ಮಿತು.

ಅಂಬುಜಮ್ಮ ಸ್ವರವನ್ನು ತಾವೇ ಬಿಟ್ಟರು.

ಬರಿಯ ಶ್ರುತಿ ಉಳಿಯಿತು. ಆ ಮೌನವನ್ನು ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಮಂಗಳ ಹಾಡಿದರು. ಪೂರ್ತಿ ಹಾಡಿದರು, ಒಂದು ಚರಣವನ್ನೂ ಬಿಡದೆ. ಶ್ರುತಿ ನಿಲ್ಲಿಸಿ, ಪೆಟ್ಟಿಗೆಗೆ ವಸ್ತ್ರ ಮುಚ್ಚಿ, ಅಂಚು ಸರಿಮಾಡಿದರು.

“ಹೂಂ,” ಎಂದರು. “ಈಗ ಮಾಡು.”

ಮುಕ್ತಳ ಬೆರಳು ಕೀಲಿಯ ಮೇಲಿತ್ತು. ಒತ್ತಲು ಆಗಲಿಲ್ಲ. ಇಷ್ಟು ಹೊತ್ತೂ ಅಂಬುಜಮ್ಮ ಕಣ್ಣು ಮುಚ್ಚಿಯೇ ಇದ್ದರು ಎಂಬುದು ಅವಳಿಗೆ ಆಗ ಹೊಳೆಯಿತು. ಹಾಡುವಾಗಲೂ ತೆರೆದಿರಲಿಲ್ಲ.

“ಅಮ್ಮ,” ಎಂದಳು. “ಒಂದೇ ಒಂದ್ಸಲ ಏಳಿ. ನಾನು ಕೈ ಹಿಡ್ಕೋತೀನಿ. ಆ ಹೊಸ್ತಿಲು ಒಂದ್ಸಲ ದಾಟಿ, ನೋಡಿ ಬಂದ್ಬಿಡಿ. ಆಮೇಲೆ ತೆಗೀತೀನಿ.”

ಅಂಬುಜಮ್ಮ ವಸ್ತ್ರದ ಅಂಚನ್ನು ಮತ್ತೊಮ್ಮೆ ನೇರ ಮಾಡಿದರು.

“ಇದು ಹೋದ್ರೆ ಮತ್ತೆ ತರೋಕ್ಕಾಗಲ್ಲಮ್ಮ. ನನ್ನ ಕೈಲಿ ಅಲ್ಲ, ಯಾರ ಕೈಲೂ ಆಗಲ್ಲ.”

“ಗೊತ್ತು.”

“ನನಗೋಸ್ಕರ ನೋಡಿ ಅಮ್ಮ. ನಿಮಗೆ ತೋರಿಸ್ದೆ ಅಳಿಸೋಕೆ ನನ್ನ ಕೈಲಿ ಆಗ್ತಿಲ್ಲ. ಕೇಳ್ಕೋತೀನಿ.”

ಅಂಬುಜಮ್ಮ ಎರಡು ಕೈಯನ್ನೂ ಮಡಿಲಲ್ಲಿ ಜೋಡಿಸಿಕೊಂಡು, ಮಣೆಯ ಮೇಲೆ ನೆಟ್ಟಗೆ ಕೂತರು.

“ಮಂಗಳ ಆಯ್ತು ಮಗು,” ಎಂದರು. “ಇಲ್ಲ. ನಾನು ಏಳಲ್ಲ.”